ತಾತ ಎಣ್ಣೆ ಹಚ್ಚಿದ ಬಿಳಿ ಕಾಯಿಗಳು

ಮರಕ್ಕೆ ಹಚ್ಚಿದ ಕೊಬ್ಬರಿ ಎಣ್ಣೆಯ ವಾಸನೆ ಬಂದರೆ ಇಂದಿಗೂ ಗುಬ್ಬಿ ಊರಿನ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ. ನಮ್ಮಲ್ಲಿ ಚದುರಂಗದಲ್ಲಿ ಸೋತವರು ಗೆದ್ದವರ ಕಾಯಿಗಳಿಗೆ ಎಣ್ಣೆ ಹಚ್ಚಬೇಕಿತ್ತು. ಅಲ್ಲಿಯವರೆಗೆ ತಾತ ಒಮ್ಮೆಯೂ ಸೋತು ಹಚ್ಚಿದವರಲ್ಲ.

ಅಂದು ನಾನು ಲೈಬ್ರರಿಯ ಪುಸ್ತಕ ನೋಡಿಕೊಂಡು, ನೂರು ವರ್ಷಗಳ ಹಿಂದೆ ಯುರೋಪಿನ ಆಟಗಾರನೊಬ್ಬ ಬಿಳಿ ಕಾಯಿಗಳಲ್ಲಿ ಗೆದ್ದ ಆಟವನ್ನು ನಡೆಸಿ ತೋರಿಸಿದೆ. ಅವನು ಮಂತ್ರಿಯನ್ನೇ ಬಲಿಕೊಟ್ಟಾಗ ತಾತ ನಕ್ಕರು.

"ತಲೆ ಕೆಟ್ಟದೆ ಅವ್ನಿಗೆ. ಕಪ್ಪು ರಾಜನ್ನ ನಾನು ಉಳಿಸ್ತೀನಿ, ನೋಡ್ತಿರು."

ಅವರು ಹುಡುಕಿದ ಪ್ರತಿ ದಾರಿಗೂ ಪುಸ್ತಕದಲ್ಲಿ ಉತ್ತರವಿತ್ತು. ತಾತನಿಗೆ ನಾಲ್ಕಕ್ಕೆ ಕಾಫಿ ಎಂದರೆ ನಾಲ್ಕಕ್ಕೇ; ಅಂದು ಅದು ಆರಿಹೋಯಿತು.

"ಎಲ್ಲಿಗೋದ್ರೂ ಕಾಯ್ಕೊಂಡವ್ನೆ ಕಣೇ, ಭೂಪ!" ಎಂದು ಕಪ್ಪು ರಾಜನನ್ನು ಮಲಗಿಸಿದರು. "ಆ ಎಣ್ಣೆ ಬಾಟ್ಲಿ ತಗಂಬಾ."

ತಾತ ಮೊದಲು ಕೈಗೆತ್ತಿಕೊಂಡದ್ದು ಬಲಿಯಾದ ಆ ಬಿಳಿ ಮಂತ್ರಿಯನ್ನು.