ಗೆಂಚೊನ ಹೆಸರಿನ ಅರವಟ್ಟಿಗೆ

ಈ ಭಾನುವಾರವೂ ಇವಾಯ್ಲೊ ಬಂದ. ಸರಿಯಾಗಿ ಬೆಳಕೂ ಹರಿದಿರಲಿಲ್ಲ. ಅತ್ತಿತ್ತ ನೋಡಿ, ಹೆಗಲ ಮೂಟೆ ಇಳಿಸಿ, ಬುಗ್ಗೆಯ ತೊಟ್ಟಿಯ ಮುಚ್ಚಳ ಎತ್ತಿದ.

ಅಕ್ರೋಟು ಮರದ ಹಿಂದೆ ಅಡಗಿದ್ದ ವೆಲಿಕಾ ಹಲ್ಲು ಕಡಿದಳು. ಸಿಕ್ಕಿಬಿದ್ದ ಕಳ್ಳ!

ರೊಡೋಪಿ ಬೆಟ್ಟದ ಆ ಅರವಟ್ಟಿಗೆಯನ್ನು ಅವಳು ಕಟ್ಟಿಸಿದ್ದು ತೀರಿಹೋದ ಗಂಡ ಗೆಂಚೊನಿಗಾಗಿ. ತೊಟ್ಟಿಯ ನೆತ್ತಿಯ ಮೇಲೆಯೇ ಅವನ ಹೆಸರಿನ ಕಲ್ಲು. ನೀರು ಕುಡಿದವರು ಬಾಯಿ ಒರೆಸಿಕೊಂಡು "ದೇವರು ಗೆಂಚೊನನ್ನು ಕ್ಷಮಿಸಲಿ" ಅನ್ನಬೇಕು. ಬದುಕಿದ್ದಾಗ ಗೆಂಚೊ ಮಾಡಿದ ಕಿತಾಪತಿಗೆ ಊರಿಗೆ ಊರೇ ಕುಡಿದರೂ ಸಾಲದು ಎಂಬುದು ಹೆಂಡತಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದಕ್ಕೇ ಸತ್ತವರ ದಿನವಾದ ಶನಿವಾರದ ಸಂಜೆ, ಪ್ರತಿ ವಾರವೂ ತಪ್ಪದೆ ಬಂದು ಕಲ್ಲಿನ ಪಾಚಿ ಉಜ್ಜಿ ಅಕ್ಷರ ಹೊಳೆಯುವಂತೆ ಮಾಡುತ್ತಿದ್ದಳು. ಹೆಸರು ಕಾಣದಿದ್ದರೆ ಜನ ಯಾರಿಗೆಂದು ಬೇಡಬೇಕು?

ಈಗ ಆ ನೀರಿಗೇ ಸಂಚಕಾರ ಬಂದಿತ್ತು. ಭಾನುವಾರ ಚರ್ಚು ಮುಗಿಸಿ ಬಂದವರು ಒಂದು ಗುಟುಕು ಕುಡಿದು ಥೂ ಎಂದು ಉಗಿಯುತ್ತಿದ್ದರು. ಎಣ್ಣೆ ವಾಸನೆಯಂತೆ! ಸೋಮವಾರಕ್ಕೆ ಮಾಯ. ವೆಲಿಕಾಳ ಮೂಗಿಗೆ ಮಾತ್ರ ಏನೂ ಹತ್ತುತ್ತಿರಲಿಲ್ಲ. ಊರಿನ ಮುಖ್ಯಸ್ಥ ಬೋಂಚೊ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: "ಇನ್ನೊಂದ್ಸಲ ವಾಸನೆ ಬಂದ್ರೆ ಸಿಮೆಂಟ್ ಹಾಕಿ ಮುಚ್ಚಿಸ್ತೀನಿ. ಆಮೇಲೆ ಅತ್ಕೊಂಡು ಬರ್ಬೇಡ."

ವಾಸನೆ ಬರುವುದು ಭಾನುವಾರ. ಪಟ್ಟಣದ ಜೇಡಿಮಣ್ಣಿನ ಕಾರ್ಖಾನೆಯ ಪ್ರಯೋಗಾಲಯದಿಂದ ಈ ಇವಾಯ್ಲೊ ಬರುವುದೂ ಭಾನುವಾರ. ಇನ್ನೇನು ಸಾಕ್ಷಿ ಬೇಕು?

"ಏಯ್! ನನ್ನ ಗಂಡನ ನೀರಿಗೆ ಏನೋ ಹಾಕ್ತಿದ್ದೀಯ?"

ಇವಾಯ್ಲೊ ಬೆಚ್ಚಿಬಿದ್ದ. "ಅಜ್ಜಿ... ಜೇಡಿಮಣ್ಣು."

"ಮಣ್ಣಾ? ನನ್ನ ಬಾಯಿಗೆ ಹಾಕೋಕೆ ತಂದ್ಯಾ?"

"ಇದು ಹದ ಮಾಡಿದ ಮಣ್ಣು, ಅಜ್ಜಿ. ಸಾದಾ ಜೇಡಿ ನೀರು ಹೀರುತ್ತೆ. ಇದು ನೀರು ಬಿಟ್ಟು ಎಣ್ಣೇನ ಹಿಡ್ಕೊಳ್ಳುತ್ತೆ. ಚೀಲದಲ್ಲಿ ಕಟ್ಟಿ ಇಟ್ಟು ಹೋಗ್ತೀನಿ, ಅಷ್ಟೇ."

"ಒಳ್ಳೇ ಕೆಲಸಕ್ಕೆ ಯಾರಾದ್ರೂ ಕದ್ದುಮುಚ್ಚಿ ಬರ್ತಾರೇನೋ?"

ಅವನು ನೆಲ ನೋಡಿದ. "ನಮ್ಮಮ್ಮನ ಹೆಸರಲ್ಲೂ ಹೀಗೇ ಒಂದು ಅರವಟ್ಟಿಗೆ ಇತ್ತು. ಮುಚ್ಚಿಸಿಬಿಟ್ರು. ಇಲ್ಲಿ ಹೇಳಿದ್ರೆ... ಎಣ್ಣೆ ಎಲ್ಲಿಂದ ಬಂತು ಅಂತಾನೂ ಹೇಳ್ಬೇಕಾಗುತ್ತೆ."

"ನಿನ್ನ ಕಾರ್ಖಾನೆಯಿಂದ ತಾನೇ?"

ಗಲಾಟೆ ಕೇಳಿ ಬೋಂಚೊ ಏದುಸಿರು ಬಿಡುತ್ತ ಓಡಿಬಂದ. ವೆಲಿಕಾ ಬೆರಳು ಚಾಚಿದಳು. "ಹಿಡಿದೆ ನೋಡು ಕಳ್ಳನ್ನ! ಕೇಳು ಅವನನ್ನೇ!"

ಇವಾಯ್ಲೊ ಮುದುಕಿಯ ಮುಖವನ್ನೊಮ್ಮೆ ನೋಡಿದ. ಆಮೇಲೆ ತಲೆ ತಗ್ಗಿಸಿದ. "ತಪ್ಪು ನಂದೇ. ಇನ್ಮುಂದೆ ವಾಸನೆ ಬರಲ್ಲ."

"ಇನ್ನೊಂದ್ಸಲ ಈ ಕಡೆ ತಲೆ ಹಾಕಿದ್ರೆ ಕಾಲು ಮುರೀತೀನಿ," ಎಂದ ಬೋಂಚೊ. ವೆಲಿಕಾಳತ್ತ ತಿರುಗಿ, "ಹೋಗ್ಲಿ, ಮುಚ್ಚಿಸಲ್ಲ ಬಿಡು," ಎಂದು ಹೊರಟುಹೋದ.

ವೆಲಿಕಾಳಿಗೆ ಗೆದ್ದ ಹಿಗ್ಗು. ಇವಾಯ್ಲೊ ಮೂಟೆ ಹೆಗಲಿಗೇರಿಸಿದ. ಅವಳ ಪಕ್ಕದಲ್ಲಿ ಹಾದುಹೋಗುವಾಗ ಸಣ್ಣ ದನಿಯಲ್ಲಿ ಹೇಳಿದ: "ಅಜ್ಜಿ, ಇನ್ನು ನಾನು ಬರೋಕಾಗಲ್ಲ. ಬರೋ ಶನಿವಾರದಿಂದ ಕಲ್ಲನ್ನ ಬರೀ ನೀರಲ್ಲೇ ಉಜ್ಜಿ."

ವೆಲಿಕಾಳ ಕೈ ತಾನಾಗಿ ತನ್ನ ಹೆಗಲ ಚೀಲದೊಳಕ್ಕೆ ಹೋಯಿತು; ನಿನ್ನೆ ಸಂಜೆಯ ಬ್ರಷ್ಷಿನ ಪಕ್ಕದಲ್ಲೇ ಇತ್ತು, ಪಾಚಿ ಬಿಡಿಸಲು ಸುರಿದು ಅರ್ಧ ಖಾಲಿಯಾಗಿದ್ದ ಸೀಮೆಎಣ್ಣೆಯ ಬಾಟಲಿ.