ಸೋಪು ನೀರು

ಗಾಜಿನ ಬಟ್ಟಲಿನಲ್ಲಿದ್ದ ಆಸಿಡ್ ಹಸಿರಾಗತೊಡಗಿದ್ದನ್ನು ಕಂಡು ಅಕ್ಕಸಾಲಿಗ ಚಿಮಟಕ್ಕೆ ಕೈಹಾಕಿದ. ಚಿನ್ನ ಕರಗಿದರೆ ಅದು ಹಳದಿಗೆ ತಿರುಗಬೇಕು. ಹಸಿರೆಂದರೆ ತಾಮ್ರ. ಅಕ್ಕ ತೊಳೆಯಲು ಕೊಟ್ಟ ಎರಡೂ ಬಳೆ ಚಿನ್ನದ ನೀರು ಹಿಡಿಸಿದ ತಾಮ್ರದವು!

ಪರದೆಯಾಚೆ ಅಂಗಡಿಯ ಬೆಂಚಿನ ಮೇಲೆ ಅಕ್ಕ ಅವನೇ ತರಿಸಿಕೊಟ್ಟ ಚಹಾ ಕುಡಿಯುತ್ತಿದ್ದಳು. ವರ್ಷಕ್ಕೊಮ್ಮೆ ಅಮ್ಮನ ಬಳೆಗಳನ್ನು ತಂದು ತಮ್ಮನ ಕೈಗಿಡುವುದು ಅವಳ ರೂಢಿ. "ಸೋಪು ನೀರಲ್ಲಿ ತೊಳೆದುಕೊಡ್ತೀನಿ. ಅಕ್ಕನ ಹತ್ರ ಕಾಸು ತಗೊಳ್ತೀನಾ?" ಎನ್ನುವುದು ಇವನ ರೂಢಿ. ಮಹಾ ಧಾರಾಳಿ! ಒಳಗೆ ಬಂದವನೇ ಆಸಿಡ್‌ಗೆ ಇಳಿಬಿಡುತ್ತಿದ್ದ. ಮೊದಲು ಅಂಚು, ಆಮೇಲೆ ಕೆತ್ತನೆಯ ಉಬ್ಬು, ಸದ್ದಿಲ್ಲದೆ ಸವೆಯುತ್ತಿತ್ತು. ಬಟ್ಟಲನ್ನು ಮೆಲ್ಲನೆ ಅಲುಗಿಸಿದರೆ ಇನ್ನೂ ಬೇಗ. ಕರಗಿದ್ದು ಕಣ್ಣಿಗೆ ಕಾಣುವುದಿಲ್ಲ, ಹಾಗಂತ ಎಲ್ಲಿಗೂ ಹೋಗುವುದೂ ಇಲ್ಲ. ಅಕ್ಕ ಹೋದಮೇಲೆ ಚಿನ್ನ ಬೇರ್ಪಡಿಸುವ ಪುಡಿ ಉದುರಿಸಿದರೆ ಅದು ಕಂದು ಗಸಿಯಾಗಿ ತಳಕ್ಕಿಳಿದು ಇವನ ಪಾಲಾಗುತ್ತಿತ್ತು. ಬಳೆಗಳಿಗೆ ಮೆರುಗು ಕೊಟ್ಟರೆ ಫಳಫಳ. "ನನ್ನ ತಮ್ಮನ ಕೈಗುಣ" ಎಂದು ಅಕ್ಕ ಬೀದಿಯುದ್ದಕ್ಕೂ ಹೇಳಿಕೊಂಡು ಹೋಗುತ್ತಿದ್ದಳು.

ಇವತ್ತು ಕೈಗೆತ್ತಿಕೊಂಡಾಗಲೇ ಹಗುರವೆನಿಸಿತ್ತು. ಹಗುರವಾಗದೆ ಇನ್ನೇನು, ಇಷ್ಟು ವರ್ಷ ನೆಕ್ಕಿದವನು ನಾನೇ ಅಲ್ಲವೇ, ಎಂದುಕೊಂಡು ಸುಮ್ಮನಾಗಿದ್ದ.

ಚಿಮಟದಿಂದ ಎತ್ತಿ ನೀರಿಗೆ ಹಾಕುವಷ್ಟರಲ್ಲಿ ಹೊಳಪೆಲ್ಲ ಹೋಗಿ ಬಳೆಯ ತುಂಬ ಗುಳಿ ಬಿದ್ದಿತ್ತು. ಮೋಸ ಹೋದೆನೆಂದು ಕೂಗುವಂತಿಲ್ಲ. ಸೋಪು ನೀರಿನಲ್ಲಿ ತೊಳೆದವನಿಗೆ ಒಳಗಿನ ತಾಮ್ರ ಕಂಡದ್ದು ಹೇಗೆ? ಆಡಿದರೆ ತಾನೇ ಸಿಕ್ಕಿಬೀಳುತ್ತಾನೆ.

"ಆಯ್ತೇನೋ?" ಎನ್ನುತ್ತ ಅಕ್ಕ ಪರದೆ ಸರಿಸಿ ಒಳಗೇ ಬಂದಳು. ಬಳೆ ನೋಡಿದಳು, ಹಸಿರು ಬಟ್ಟಲನ್ನೂ ನೋಡಿದಳು.

"ಅಮ್ಮನ ಬಳೆ ಮಾರಿಬಿಟ್ಟೆ ಕಣೋ. ನಿಮ್ಮ ಭಾವನ ಕಣ್ಣಿನ ಆಪರೇಷನ್‌ಗೆ. ತೂಕ ಹಾಕಿದವನು, 'ಯಾರ ಹತ್ರ ತೊಳೆಸ್ತೀರಮ್ಮ? ಅರ್ಧ ತಿಂದುಹಾಕಿದ್ದಾನೆ' ಅಂದ. ನನ್ನ ತಮ್ಮ ಅಂಥವನಲ್ಲ ಅಂತ ಜಗಳ ಆಡಿ ಬಂದೆ. ಆಮೇಲೆ ಅದೇ ಕೆತ್ತನೆಯ ಗಿಲೀಟು ಬಳೆ ಮಾಡಿಸಿ ತಂದೆ."

"ಭಾವ ಹೇಗಿದ್ದಾರೆ?" ಎಂದ.

"ಬಂದ ದುಡ್ಡು ಒಂದು ಕಣ್ಣಿಗಾಯ್ತು." ಅಕ್ಕ ನೀರಿನಿಂದ ಬಳೆಗಳನ್ನು ಎತ್ತಿಕೊಂಡಳು. "ಈಗಲೂ ಸೋಪು ನೀರಿಗೇ ಹೀಗಾಯ್ತು ಅಂತ ಒಂದು ಮಾತು ಹೇಳು. ನಂಬ್ತೀನಿ."

ಅವನಿಗೆ ನಾಚಿಕೆಯಾಯಿತು. ಆದರೆ ನಾಚಿಕೆಗಿಂತ ನಾಲಿಗೆ ಮುಂದಿತ್ತು. "ಹ್ಞೂ ಅಕ್ಕ, ಸೋಪು ನೀರೇ. ಈಗಿನ ಸೋಪುಗಳೇ ಸರಿಯಿಲ್ಲ."

ಅಕ್ಕ ತಲೆಯಾಡಿಸಿದಳು. ಗುಳಿಬಿದ್ದ ಬಳೆಗಳನ್ನು ಸೆರಗಿನಲ್ಲಿ ಒರೆಸಿ ಒಂದೊಂದಾಗಿ ಏರಿಸಿಕೊಂಡಳು. ಹರಿತವಾದ ಅಂಚಿಗೆ ಮಣಿಕಟ್ಟು ಗೀರಿತು. ಅದನ್ನವಳು ಲೆಕ್ಕಕ್ಕಿಡದೆ ಬೀದಿಗಿಳಿದಳು.

"ಇದೇನಕ್ಕಾ ಬಳೆ ಹೀಗೆ?" ಎದುರಂಗಡಿಯ ದರ್ಜಿ ಕೇಳಿದ್ದು ಒಳಗಿದ್ದವನಿಗೂ ಕೇಳಿಸಿತು.

ಅಕ್ಕ ಬೀದಿಯ ನಡುವೆ ನಿಂತು, ಎಲ್ಲರಿಗೂ ಕಾಣುವಂತೆ ಕೈ ಎತ್ತಿದಳು. "ನನ್ನ ತಮ್ಮ ತೊಳೆದುಕೊಟ್ಟ. ಸೋಪು ನೀರಲ್ಲಿ."