ತೂಕದ ದಿನ

ಅಂಗನವಾಡಿಯಲ್ಲಿ ಅವತ್ತು ಮಕ್ಕಳ ತೂಕ. ಹೋದ ತಿಂಗಳು ತಮ್ಮ ಮೊಮ್ಮಗಳು ತೂಕ ಸಾಲದೆ ಚಾರ್ಟಿನ ಕೆಂಪು ಪಟ್ಟಿಗೆ ಬಿದ್ದದ್ದು ಅಜ್ಜಿಗೆ ಇನ್ನೂ ಉರಿಯುತ್ತಿತ್ತು. ಪಕ್ಕದ ಮನೆಯ ಚಿಕ್ಕತಾಯಮ್ಮ ಅದನ್ನು ಟೀಚರಮ್ಮನ ದನಿಯಲ್ಲೇ ಬೀದಿಗೆಲ್ಲ ಸಾರಿದ್ದಳು: "ಏನಮ್ಮಾ, ಮಗೂಗೆ ಬರೀ ಗಾಳಿ ತಿನ್ನಿಸ್ತೀರಾ?"

ಅಜ್ಜಿ ಮಗುವಿನ ಬಾಯಿಗೆ ಎರಡು ಬಾಳೆಹಣ್ಣು ತುರುಕಿ, ಲೋಟದ ತುಂಬ ಮಜ್ಜಿಗೆ ಕುಡಿಸಿ, ಹಳೇ ಬೆಳ್ಳಿ ಕಡಗಗಳನ್ನು ಕಾಲುಚೀಲದೊಳಗೆ ಅಡಗಿಸಿದರು.

"ಬೇಡ ಅತ್ತೆ..." ಎಂದಳು ಸೊಸೆ.

"ಸುಮ್ನಿರೆ. ಐದು ಹೆತ್ತವಳು ನಾನು."

ತಕ್ಕಡಿಯ ಮುಳ್ಳು ಸರ್ರನೆ ಏರಿತು. ಟೀಚರಮ್ಮ ಹಿಗ್ಗಿದರು. "ಭೇಷ್! ಕೆಂಪು ದಾಟೇಬಿಟ್ಲು!"

"ನಮ್ಮನೆ ಗಾಳೀಲೂ ಬಲ ಇದೆ ಕಣೇ, ಚಿಕ್ಕತಾಯಿ," ಎಂದರು ಅಜ್ಜಿ, ಸೆರಗು ಕೊಡವಿಕೊಂಡು.

ಟೀಚರಮ್ಮ ಪುಸ್ತಕದಲ್ಲಿ ಮಗುವಿನ ಹೆಸರು ಹೊಡೆದುಹಾಕಿದರು. "ದಿನಾ ಕೊಡ್ತಿದ್ದ ಮೊಟ್ಟೆ, ಹಾಲು ಕೆಂಪು ಪಟ್ಟಿಯವರಿಗೆ ಮಾತ್ರ. ಇನ್ನು ಇವಳಿಗೆ ಬೇಡ ಬಿಡಿ."

ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ ಕಾಲುಚೀಲ ನೋಡಿದರು. ಚಿಕ್ಕತಾಯಮ್ಮ ಎದುರಿಗೇ ನಿಂತಿದ್ದಳು. ಅತ್ತೆ ಸೊಸೆ ಇಬ್ಬರೂ ಬಾಯಿ ಬಿಡಲಿಲ್ಲ.

ಮೊಟ್ಟೆಯ ಪಾತ್ರೆ ಕಂಡ ಮಗು ಮಾತ್ರ, ದಿನದಂತೆ, "ಆ..." ಎಂದು ಬಾಯಿ ತೆರೆಯಿತು.